ವಾಲ್ ತೊರಾನ್ಸ್‌ಗೆ ಏಳು ಮಂದಿ, ಸ್ಕೀ ಬಲ್ಲವನು ಒಬ್ಬನೇ: ಹೋಗಬಹುದೇ?

ಹಸಿರುಬಳೆ:

ನಮಸ್ಕಾರ. ಬರುವ ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಮನೆಯ ಏಳು ಮಂದಿ ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿರುವ ವಾಲ್ ತೊರಾನ್ಸ್‌ಗೆ ಹೋಗುವ ಮಾತು ನಡೆದಿದೆ. ಜಾಗ ಆರಿಸಿದವನು ನನ್ನ ತಮ್ಮ. ಅವನು ಹತ್ತು ವರ್ಷಗಳಿಂದ ಸ್ಕೀ ಮಾಡುತ್ತಿದ್ದಾನೆ. ಏಪ್ರಿಲ್‌ನಲ್ಲೂ ಹಿಮ ಉಳಿದಿರುವ ಜಾಗ ಬೇಕೆಂದರೆ, 2300 ಮೀಟರ್ ಎತ್ತರದಲ್ಲಿರುವ, ಯುರೋಪಿನಲ್ಲೇ ಅತಿ ಎತ್ತರದ ಸ್ಕೀ ಊರೆಂದು ಹೆಸರಾದ ಅಲ್ಲಿಗೇ ಹೋಗಬೇಕು ಎನ್ನುವುದು ಅವನ ವಾದ. ಸಂಜೆಯ ಹಾಡು, ಕುಣಿತ, ಜನಜಂಗುಳಿಯ ಆಸೆಯೂ ಆ ವಾದದ ಹಿಂದೆ ಇದೆ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ.

ನನ್ನ ಚಿಂತೆ ಉಳಿದವರದು. ನಾನೂ ನಮ್ಮ ಯಜಮಾನರೂ ಇದುವರೆಗೆ ಕಾಲಿಗೆ ಸ್ಕೀ ಕಟ್ಟಿದವರಲ್ಲ, ಆದರೆ ಕಲಿಯುವ ಮನಸ್ಸಿದೆ. ಮಗಳಿಗೆ 9 ವರ್ಷ, ಮಗನಿಗೆ 5. ಅಪ್ಪನಿಗೆ 68, ಬಿಪಿಗೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಉಳಿದಂತೆ ಗಟ್ಟಿಮುಟ್ಟಾಗಿದ್ದಾರೆ. ಅಮ್ಮನಿಗೆ ಮಂಡಿನೋವು. ಅವರಿಬ್ಬರೂ ಸ್ಕೀ ಮಾಡುವುದಿಲ್ಲ. ಆದರೆ ಒಂದು ವಾರವಿಡೀ ಕೋಣೆಯಲ್ಲಿ ಕುಳಿತು ಕಿಟಕಿಯಿಂದ ಹಿಮ ನೋಡಿ ಬರುವುದಾದರೆ ಅವರನ್ನು ಅಷ್ಟು ದೂರ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ. ಇಷ್ಟು ಬಗೆಯ ಜನರಿಗೆ ಒಂದೇ ಊರು ಹೊಂದುತ್ತದೆಯೇ, ಅಥವಾ ಇದು ನನ್ನ ತಮ್ಮನಂಥವರಿಗೆ ಮಾತ್ರ ಹೇಳಿಮಾಡಿಸಿದ ಜಾಗವೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ದಾರಿಹೋಕ:

ಎರಡು ಚಳಿಗಾಲ ಅಲ್ಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ, ಬಿಡುವಿದ್ದಾಗಲೆಲ್ಲ ಸ್ಕೀ ಮಾಡಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ತಮ್ಮ ಹೊಗಳುವುದಕ್ಕೂ ನೀವು ಅಳುಕುವುದಕ್ಕೂ ಕಾರಣ ಒಂದೇ, ಆ ಊರಿನ ಎತ್ತರ.

ವಾಲ್ ತೊರಾನ್ಸ್ ಹಳೆಯ ಹಳ್ಳಿಯೊಂದು ಬೆಳೆದು ಪ್ರವಾಸಿ ತಾಣವಾದದ್ದಲ್ಲ. ಬೆಲ್ವಿಲ್ ಕಣಿವೆಯ ತುತ್ತತುದಿಯಲ್ಲಿ, ಬೇಸಿಗೆಯಲ್ಲಿ ದನಕುರಿ ಮೇಯುತ್ತಿದ್ದ ಬೋಗುಣಿಯಂಥ ಬಯಲಿನಲ್ಲಿ, 1970ರ ದಶಕದ ಆರಂಭದಲ್ಲಿ ಸ್ಕೀಗೆಂದೇ ಕಟ್ಟಿದ ಊರು ಅದು. ಹಾಗಾಗಿ ಅಲ್ಲಿ ಹಳೆಯ ಚರ್ಚಿನ ಗೋಪುರ, ಓಣಿ, ಸಂತೆಕಟ್ಟೆ ಇವನ್ನು ಹುಡುಕಬೇಡಿ. ಬದಲಿಗೆ ಸಿಗುವುದೇನೆಂದರೆ, ಬಹುಪಾಲು ಕಟ್ಟಡಗಳ ಬಾಗಿಲಿನಿಂದಲೇ ಸ್ಕೀ ಕಟ್ಟಿಕೊಂಡು ಹೊರಟು, ಸಂಜೆ ಅದೇ ಬಾಗಿಲಿಗೆ ಬಂದು ಇಳಿಯಬಹುದು. ಕಾರಿನಲ್ಲಿ ಹೋದರೆ ಸಾಮಾನು ಇಳಿಸಿದ ಕೂಡಲೇ ವಾಹನವನ್ನು ನಿಲುಗಡೆಯ ಕಟ್ಟಡಕ್ಕೆ ಒಯ್ದು ಬಿಡಬೇಕು, ಆಮೇಲೆ ವಾರವಿಡೀ ಅದರ ನೆನಪೇ ಬೇಡ. ಐದು ವರ್ಷದ ಮಗುವಿನ ಜೊತೆ, ಭಾರದ ಬೂಟಿನಲ್ಲಿ ನಡೆಯಲಾಗದೆ ಅದು ಅಳುವ ಹೊತ್ತಿನಲ್ಲಿ, ಈ ಸೌಕರ್ಯದ ಬೆಲೆ ಗೊತ್ತಾಗುತ್ತದೆ.

ಸ್ಕೀ ಪ್ರದೇಶದ ವಿಸ್ತಾರವನ್ನು ನಿಮ್ಮ ತಮ್ಮ ಆಗಲೇ ಹೇಳಿರಬಹುದು. ಕೂರ್ಶ್ವೆಲ್, ಮೆರಿಬೆಲ್, ಬೆಲ್ವಿಲ್ ಕಣಿವೆಗಳನ್ನು, ತಂತಿಯ ಮೇಲೆ ಜನರನ್ನು ಬೆಟ್ಟಕ್ಕೆ ಏರಿಸುವ ಲಿಫ್ಟುಗಳಿಂದ ಹೆಣೆದ 'ಮೂರು ಕಣಿವೆ'ಗಳಲ್ಲಿ ಒಟ್ಟು 600 ಕಿಲೋಮೀಟರಿನಷ್ಟು ಸ್ಕೀ ಹಾದಿಗಳಿವೆ. (ವಾಲ್ ತೊರಾನ್ಸ್‌ನ ಬೆನ್ನಿಗಿರುವ ಒರೆಲ್ ಇನ್ನೊಂದು ಕಣಿವೆಗೆ ಸೇರಿದ್ದು; ಹೆಸರಿಗೆ ಮೂರು, ಲೆಕ್ಕಕ್ಕೆ ನಾಲ್ಕು.) ಇಡೀ ಪ್ರದೇಶದ ಅತಿ ಎತ್ತರದ ಜಾಗ, 3230 ಮೀಟರ್, ಇರುವುದೂ ಆ ಒರೆಲ್ ಕಡೆಯಲ್ಲೇ. ನವೆಂಬರ್ ಕೊನೆಗೆ ತೆರೆದ ಊರು ಮೇ ಮೊದಲ ವಾರದವರೆಗೆ ಓಡುವುದು ಈ ಎತ್ತರದಿಂದಾಗಿ. ಕೆಳಗಿನ ಊರುಗಳಲ್ಲಿ ಹುಲ್ಲು ಕಾಣಿಸುವ ಏಪ್ರಿಲ್‌ನಲ್ಲಿ ಇಲ್ಲಿ ಇನ್ನೂ ಬೆಳಗಿನ ಹಿಮ ಕರಕರ ಎನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದ ಇಳಿಜಾರುಗಳಲ್ಲಿ ಅದೇ ಹಿಮ ಹಿಟ್ಟು ಕಲಸಿದಂತಾಗುತ್ತದೆ ಎಂಬುದೂ ನಿಜ. ಆದ್ದರಿಂದ ಆ ತಿಂಗಳಲ್ಲಿ ಬಲ್ಲವರು ಬೆಳಿಗ್ಗೆ ಬೇಗ ಹೊರಡುತ್ತಾರೆ, ಎರಡು ಗಂಟೆಯ ಹೊತ್ತಿಗೆ ಮುಗಿಸುತ್ತಾರೆ.

ಆ ಎರಡು ಗಂಟೆಯ ನಂತರದ ಹೊತ್ತಿಗೆ ಊರು ಹೆಸರುವಾಸಿ. ಇಳಿಜಾರಿನ ಮೇಲೆಯೇ ಇರುವ 'ಫೋಲಿ ದೂಸ್' ಎಂಬಲ್ಲಿ ಮಧ್ಯಾಹ್ನವೇ ಸಂಗೀತ ಶುರುವಾಗಿ, ಸ್ಕೀ ಬೂಟು ಹಾಕಿಕೊಂಡವರು ಮೇಜುಗಳ ಮೇಲೆ ಹತ್ತಿ ಕುಣಿಯುತ್ತಾರೆ. ಅಲ್ಲಿ ಕುಡಿದವರು ಮತ್ತೆ ಸ್ಕೀ ಮೇಲೆ ಊರಿಗೆ ಇಳಿಯಬೇಕು ಎಂಬುದನ್ನು ತಮ್ಮನಿಗೆ ಒಮ್ಮೆ ನೆನಪಿಸಿ. ಊರೊಳಗಿನ ಬಾರುಗಳ ಸದ್ದು ತಡರಾತ್ರಿಯವರೆಗೂ ಇರುತ್ತದೆ, ಆದ್ದರಿಂದ ಕೋಣೆ ಕಾದಿರಿಸುವಾಗ ಮುಖ್ಯ ಬೀದಿಯಿಂದ ಒಂದಿಷ್ಟು ಮೇಲಕ್ಕೆ ಅಥವಾ ಪಕ್ಕಕ್ಕೆ ನೋಡಿ.

ನಿಮಗೂ ಯಜಮಾನರಿಗೂ ನನ್ನ ಸಲಹೆ ಒಂದೇ: ಮೊದಲ ದಿನವೇ ಇಡೀ 600 ಕಿಲೋಮೀಟರಿಗೆ ಸಲ್ಲುವ ಲಿಫ್ಟಿನ ಪಾಸು ಕೊಳ್ಳಬೇಡಿ. ಮೊದಲ ಮೂರು ದಿನ ನೀವು ಊರಿನ ಮಧ್ಯದ ಕಲಿಕೆಯ ಇಳಿಜಾರನ್ನು ಬಿಟ್ಟು ಕದಲುವುದಿಲ್ಲ. ಅಲ್ಲಿ ನೆಲದ ಮೇಲೆ ಚಲಿಸುವ ಪಟ್ಟಿಯ ಮೇಲೆ ನಿಂತರೆ ಸಾಕು, ಅದೇ ಮೇಲಕ್ಕೆ ಒಯ್ಯುತ್ತದೆ. ಅದಕ್ಕೆ ಯಾವ ಟಿಕೆಟ್ ಸಾಕು ಎಂದು ಪಾಸಿನ ಕೌಂಟರಿನಲ್ಲಿ ಕೇಳಿ, ಆಮೇಲೆ ಕಲಿತಷ್ಟಕ್ಕೆ ತಕ್ಕಂತೆ ವಾಲ್ ತೊರಾನ್ಸ್ ಮತ್ತು ಒರೆಲ್‌ಗೆ ಮಾತ್ರ ಸಲ್ಲುವ ಪಾಸು ಕೊಂಡರಾಯಿತು. ಫ್ರಾನ್ಸಿನಲ್ಲಿ ಹಾದಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂಬ ಕ್ರಮದಲ್ಲಿ ಕಷ್ಟ ಏರುತ್ತದೆ. ವಾರದ ಕೊನೆಗೆ ನೀಲಿ ಹಾದಿಯೊಂದನ್ನು ಬೀಳದೆ ಇಳಿದರೆ ಅದು ದೊಡ್ಡ ಗೆಲುವು.

ಪಾಸು ದೊಡ್ಡದಿದ್ದವರಿಗೂ ಒಂದು ಅಪಾಯವಿದೆ, ಅದನ್ನು ನಾನೇ ಅನುಭವಿಸಿದ್ದೇನೆ. ಮೊದಲ ವರ್ಷ ಮೆರಿಬೆಲ್ ಕಡೆಗೆ ಹೋದವನು ಹೊತ್ತಿನ ಮೇಲೆ ನಿಗಾ ಇಡದೆ, ವಾಪಸ್ಸು ದಿಣ್ಣೆ ಏರಿಸುವ 'ಕೋತ್ ಬ್ರೂನ್' ಚೇರ್‌ಲಿಫ್ಟಿನ ಬುಡಕ್ಕೆ ಬಂದಾಗ ಅದು ನಿಂತುಹೋಗಿತ್ತು. ನೆತ್ತಿಯ ಮೇಲೆ ಕಾಣುವ ದಿಣ್ಣೆಯ ಆಚೆಗೇ ನನ್ನ ಕೋಣೆ. ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಮೂಟಿಯೆ ಪಟ್ಟಣದವರೆಗೆ ಇಳಿದು, ಅಲ್ಲಿಂದ ಮತ್ತೆ 37 ಕಿಲೋಮೀಟರ್ ಹತ್ತಬೇಕು. ಆ ರಾತ್ರಿಯ ಟ್ಯಾಕ್ಸಿಗೆ ಕೊಟ್ಟ ಯೂರೋಗಳನ್ನು ಈಗಲೂ ನೆನೆಯಲಾರೆ.

ಬೆಳ್ಳಕ್ಕಿ:

ಮಕ್ಕಳ ವಿಷಯವನ್ನು ಮಾತ್ರ ಹೇಳುತ್ತೇನೆ. ನಾವು ಹೋದಾಗ ನಮ್ಮ ಮಗನಿಗೂ ಐದೇ ವರ್ಷ. ಇಎಸ್ಎಫ್ ಎಂಬ ಫ್ರೆಂಚ್ ಸ್ಕೀ ಶಾಲೆಯ ಕೆಂಪು ಜಾಕೆಟಿನ ಶಿಕ್ಷಕರು ಮೂರು ವರ್ಷದ ಮಕ್ಕಳಿಂದಲೇ ಕಲಿಸುತ್ತಾರೆ. ಪುಟಾಣಿಗಳಿಗೆ 'ಪಿಯು ಪಿಯು', ಆಮೇಲೆ 'ಕರಡಿಮರಿ', 'ಹಿಮದ ಹಳುಕು', ಅನಂತರ ಒಂದು, ಎರಡು, ಮೂರು ನಕ್ಷತ್ರ, ಹೀಗೆ ಮೆಟ್ಟಿಲುಗಳಿವೆ. ವಾರದ ಕೊನೆಯಲ್ಲಿ ಪರೀಕ್ಷೆಯಾಗಿ ಪದಕ ಸಿಗುತ್ತದೆ. ನಮ್ಮವನು ಆ ಪದಕವನ್ನು ಎರಡು ತಿಂಗಳು ರಾತ್ರಿ ಮಲಗುವಾಗಲೂ ತೆಗೆಯಲಿಲ್ಲ. ಒಂಬತ್ತು ವರ್ಷದ ಮಗಳು ನಿಮ್ಮಿಬ್ಬರಿಗಿಂತ ಬೇಗ ಕಲಿಯುತ್ತಾಳೆ, ಅದಕ್ಕೆ ಮನಸ್ಸು ಸಿದ್ಧ ಮಾಡಿಕೊಂಡಿರಿ.

ಪುಟ್ಟವನಿಗೆ ಬೆರಳು ಬೇರೆ ಬೇರೆ ಇರುವ ಗ್ಲೌಸ್ ಬೇಡ, ನಾಲ್ಕು ಬೆರಳೂ ಒಟ್ಟಿಗೆ ಇರುವ ಮಿಟನ್ ಕೊಳ್ಳಿ. ಬೆರಳುಗಳು ಒಂದಕ್ಕೊಂದು ತಾಗಿದ್ದರೆ ಬೆಚ್ಚಗಿರುತ್ತವೆ, ಅಲ್ಲದೆ ಐದು ವರ್ಷದ ಕೈಗೆ ಬೆರಳು ಬೆರಳಾಗಿ ಗ್ಲೌಸ್ ತೊಡಿಸುವಷ್ಟರಲ್ಲಿ ತರಗತಿಯ ಹೊತ್ತು ಮೀರುತ್ತದೆ. ಮಿಟನ್ನುಗಳಿಗೆ ದಾರ ಹೊಲಿದು ಜಾಕೆಟಿನ ತೋಳಿನೊಳಗಿಂದ ಹಾಯಿಸಿ. ಚೇರ್‌ಲಿಫ್ಟಿನಿಂದ ಬಿದ್ದ ಮಿಟನ್ ಮತ್ತೆ ಸಿಗುವುದಿಲ್ಲ. ಲಿಫ್ಟಿನ ಪಾಸನ್ನು ಎಡಗಡೆಯ ಜೇಬಿನಲ್ಲಿ ಒಂಟಿಯಾಗಿ ಇಡಿ, ಗೇಟಿನ ಯಂತ್ರ ಆ ಬದಿಯಿಂದಲೇ ಅದನ್ನು ಗುರುತಿಸುತ್ತದೆ. ಪಕ್ಕದಲ್ಲಿ ಮೊಬೈಲ್ ಇದ್ದರೆ ಗೇಟು ತೆರೆಯದೆ ಹಿಂದಿನವರೆಲ್ಲ ನಿಮ್ಮನ್ನೇ ನೋಡುವಂತಾಗುತ್ತದೆ.

ಮಕ್ಕಳಿಗೆ ಸ್ಕೀಗಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು ಜಾರುಬಂಡಿ. ಪೆಕ್ಲೆ ಲಿಫ್ಟಿನಲ್ಲಿ 3000 ಮೀಟರಿಗೆ ಹತ್ತಿ, ಅಲ್ಲಿಂದ 6 ಕಿಲೋಮೀಟರ್ ಉದ್ದದ ಹಾದಿಯಲ್ಲಿ 700 ಮೀಟರ್ ಕೆಳಕ್ಕೆ ಜಾರಿಕೊಂಡು ಬರುವುದು. ಆ ಲಿಫ್ಟಿನ ಬಗ್ಗೆ ಒಂದು ಮಾತು: ಎರಡು ಸಮಾನಾಂತರ ತಂತಿಗಳ ನಡುವೆ ಕ್ಯಾಬಿನ್ ತೂಗುವ 'ಫ್ಯುನಿಟೆಲ್' ಎಂಬ ಬಗೆಯಲ್ಲಿ ಜಗತ್ತಿನಲ್ಲೇ ಮೊದಲು, 1990ರಲ್ಲಿ, ಕಟ್ಟಿದ್ದು ಅಲ್ಲಿಯೇ. ಒಂದೇ ತಂತಿಯವು ಗಾಳಿಗೆ ನಿಂತಾಗಲೂ ಇದು ಓಡುತ್ತಿರುತ್ತದೆ. ಜಾರುಬಂಡಿಗೆ ಬೇರೆ ಟಿಕೆಟ್, ಹೆಲ್ಮೆಟ್ ಕಡ್ಡಾಯ ಎಂದೇ ತಿಳಿಯಿರಿ, ಸಣ್ಣವನು ದೊಡ್ಡವರ ಜೊತೆಯಲ್ಲೇ ಕೂರಬೇಕು.

ಇನ್ನೊಂದು: ಫ್ರಾನ್ಸಿನ ಶಾಲೆಗಳ ವಸಂತ ರಜೆ ಮೂರು ವಲಯಗಳಾಗಿ ಬೇರೆ ಬೇರೆ ವಾರ ಶುರುವಾಗುತ್ತದೆ. ನೀವು ಹೋಗುವ ವಾರ ಯಾವ ವಲಯಕ್ಕೆ ರಜೆ, ಈಸ್ಟರ್ ಯಾವಾಗ ಎಂದು ನೋಡಿಕೊಂಡು ಮಕ್ಕಳ ತರಗತಿಯನ್ನು ಮೊದಲೇ ಕಾದಿರಿಸಿ. ಕೋಣೆ ಸಿಕ್ಕಿ ತರಗತಿ ಸಿಗದ ಫಜೀತಿ ನಮ್ಮದಾಗಿತ್ತು.

ವೈದ್ಯಮಿತ್ರ:

ಹಸಿರುಬಳೆ ಅವರೇ, ನಿಮ್ಮ ತಂದೆಯವರ ವಿಷಯದಲ್ಲಿ ಅವರನ್ನು ನೋಡುತ್ತಿರುವ ವೈದ್ಯರ ಮಾತೇ ಕೊನೆಯದು; ನಾನು ಹೇಳುವುದು ಎತ್ತರದ ಬಗ್ಗೆ ಸಾಮಾನ್ಯವಾದ ಸಂಗತಿ ಮಾತ್ರ.

2300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ ಇರುತ್ತದೆ, ಉಸಿರಿಗೊಮ್ಮೆ ಸಿಗುವ ಆಮ್ಲಜನಕವೂ ಅಷ್ಟೇ. ಇದು ಗಾಬರಿ ಪಡುವ ಮಟ್ಟವಲ್ಲ. ದೂರದ ವಿಮಾನಯಾನದಲ್ಲಿ ಕ್ಯಾಬಿನ್ನಿನೊಳಗಿನ ಒತ್ತಡವೂ ಹೆಚ್ಚುಕಡಿಮೆ ಇದೇ ಮಟ್ಟಕ್ಕೆ ಇಳಿದಿರುತ್ತದೆ. ತಂದೆಯವರು ತೊಂದರೆಯಿಲ್ಲದೆ ವಿಮಾನದಲ್ಲಿ ಬಂದರೆಂದರೆ ಅದರ ರುಚಿ ಕಂಡಂತೆಯೇ. ವ್ಯತ್ಯಾಸವೇನೆಂದರೆ, ವಿಮಾನದಲ್ಲಿ ಕೆಲವು ಗಂಟೆ ಕುಳಿತಿರುತ್ತೇವೆ, ಇಲ್ಲಿ ಏಳು ರಾತ್ರಿ ಮಲಗಬೇಕು, ಮೆಟ್ಟಿಲು ಹತ್ತಬೇಕು, ಚಳಿಯಲ್ಲಿ ನಡೆಯಬೇಕು. ಮೊದಲ ಒಂದೆರಡು ದಿನ ತಲೆನೋವು, ಬೇಗ ಏದುಸಿರು, ನಡುರಾತ್ರಿ ಎಚ್ಚರವಾಗುವುದು ಸಾಮಾನ್ಯ. ರಕ್ತದೊತ್ತಡವೂ ಆರಂಭದಲ್ಲಿ ಸ್ವಲ್ಪ ಏರಬಹುದು, ಆದ್ದರಿಂದ ಅಳೆಯುವ ಯಂತ್ರವನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಮೊದಲ ದಿನ ಏನೂ ಮಾಡಿಸಬೇಡಿ. ನೀರು ಧಾರಾಳವಾಗಿ ಕುಡಿಯಲಿ, ಮದ್ಯವೂ ನಿದ್ರೆಮಾತ್ರೆಯೂ ಆ ರಾತ್ರಿಗಳಲ್ಲಿ ಬೇಡ. ಕಡಿಮೆಯಾಗಬೇಕಾದ ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿ ಅಥವಾ ಕುಳಿತಲ್ಲೇ ಉಸಿರುಕಟ್ಟುವಂತಾದರೆ, ಕಾಯದೆ ಕೆಳಗಿನ ಊರಿಗೆ ಇಳಿಯಬೇಕು. ತುರ್ತಿಗೆ ಯುರೋಪಿನಾದ್ಯಂತ 112.

ಅಲ್ಲಿಗೆ ಹೋದವರೆಲ್ಲರೂ ಹತ್ತುವ ಸೀಮ್ ಕರೋನ್ ಶಿಖರ 3200 ಮೀಟರ್. ದೊಡ್ಡ ಕೇಬಲ್ ಕಾರ್ ಒಮ್ಮೆಗೇ ಮೇಲಕ್ಕೆ ಒಯ್ಯುವುದರಿಂದ ಎಷ್ಟು ಹತ್ತಿದೆವೆಂದು ದೇಹಕ್ಕೆ ತಿಳಿಯುವ ಹೊತ್ತಿಗೆ ನಾವು ಅಲ್ಲಿರುತ್ತೇವೆ. ಅಲ್ಲಿನ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು. ತಂದೆಯವರು ಹೋಗುವುದಿದ್ದರೆ ನಾಲ್ಕನೆಯ ದಿನ ಹೋಗಲಿ, ಅರ್ಧ ಗಂಟೆ ಇದ್ದು ಇಳಿಯಲಿ.

ಬಹಳ ಮಂದಿ ಮರೆಯುವುದು ಬಿಸಿಲನ್ನು. ಪ್ರತಿ 1000 ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೂ ಕೆಳಗಿನಿಂದ ಮತ್ತೆ ಮುಖಕ್ಕೆ ಹೊಡೆಯುತ್ತದೆ. ಮೂಗಿನ ಹೊಳ್ಳೆಯ ಒಳಬದಿ, ಗದ್ದದ ಅಡಿ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಕಪ್ಪು ಕನ್ನಡಕ ಅಜ್ಜ ಅಜ್ಜಿಯರಿಗೂ ಬೇಕು, ತಳ್ಳುಗಾಡಿಯಲ್ಲಿ ಕೂತ ಮಗುವಿಗೂ ಬೇಕು. ಬಿಸಿಲಿಗೆ ಕಣ್ಣಿನ ಹೊರಪದರ ಸುಟ್ಟರೆ ಆಗ ತಿಳಿಯುವುದಿಲ್ಲ, ಕೆಲವು ಗಂಟೆಗಳ ನಂತರ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ.

ತಾಯಿಯವರ ಮಂಡಿಗೆ ಇಳಿಜಾರಿಗಿಂತ ಊರಿನ ಬೀದಿಯೇ ಅಪಾಯ. ಹಗಲು ಕರಗಿ ಸಂಜೆ ಗಡ್ಡೆಕಟ್ಟಿದ ಹಿಮದ ಮೇಲೆ ಸಾಧಾರಣ ಚಪ್ಪಲಿ, ಬೂಟುಗಳು ನಿಲ್ಲುವುದಿಲ್ಲ. ಬೂಟಿನ ಅಡಿಗೆ ಎಳೆದು ಹಾಕಿಕೊಳ್ಳುವ ರಬ್ಬರಿನ ಮುಳ್ಳುಪಟ್ಟಿಗಳು ಸಿಗುತ್ತವೆ, ಮೊದಲ ದಿನವೇ ಕೊಳ್ಳಿ.

ಕಡಿದಾದ ಹಾದಿ:

ಮೇಲಿನ ಉತ್ತರಗಳನ್ನೆಲ್ಲ ಒಪ್ಪುತ್ತೇನೆ, ಆದರೆ ಊರಿನ ಒಂದು ದೊಡ್ಡ ಕೊರತೆಯನ್ನು ಯಾರೂ ಹೇಳಲಿಲ್ಲ: ಅಲ್ಲಿ ಒಂದೇ ಒಂದು ಮರವಿಲ್ಲ. ಮರ ಬೆಳೆಯುವ ಗೆರೆಗಿಂತ ಬಹಳ ಮೇಲಿದೆ ಆ ಊರು. ಬಿಸಿಲಿದ್ದಾಗ ಇದು ಸೊಗಸು, ಕಣ್ಣು ಹರಿದಷ್ಟೂ ಬಿಳುಪು. ಮೋಡ ಇಳಿದು ಹಿಮ ಸುರಿಯತೊಡಗಿದರೆ ನೆಲವೂ ಆಕಾಶವೂ ಒಂದೇ ಬಣ್ಣವಾಗಿ, ಕಾಲಡಿ ಇಳಿಜಾರೇ ಸಮತಟ್ಟೇ ಎಂಬುದೂ ತಿಳಿಯದಂತಾಗುತ್ತದೆ. ನಾನೊಮ್ಮೆ ಅಂಥ ಮಬ್ಬಿನಲ್ಲಿ ನಿಂತಿದ್ದೇನೆಂದು ಭಾವಿಸಿ ನಿಧಾನವಾಗಿ ಹಿಂದಕ್ಕೆ ಜಾರುತ್ತಿದ್ದೆ. ಹಾದಿಯಂಚಿನ ಗುರುತಿನ ಕಂಬ ಮೇಲಕ್ಕೆ ಚಲಿಸುವುದನ್ನು ಕಂಡಾಗಲೇ ತಿಳಿದದ್ದು. ಆ ಕಂಬಗಳೇ ಆಗ ದಿಕ್ಕು. ಇಳಿಯುವವರ ಬಲಬದಿಯ ಕಂಬಗಳಿಗೆ ತುದಿಯಲ್ಲಿ ಕಿತ್ತಳೆ ಬಣ್ಣ ಇರುತ್ತದೆ, ಅವುಗಳ ಮೇಲಿನ ಅಂಕಿ ಕೆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಮೊದಲ ಬಾರಿ ಹೋಗುವವರು ಇದನ್ನು ಬಿಸಿಲಿದ್ದ ದಿನವೇ ಗಮನಿಸಿಕೊಂಡಿರಬೇಕು. ಮಬ್ಬಿನ ದಿನ ಬಲ್ಲವರು ಮರಗಳಿರುವ ಮೆರಿಬೆಲ್, ಕೂರ್ಶ್ವೆಲ್ ಕಡೆ ಹೋಗುತ್ತಾರೆ, ಆದರೆ ಗಾಳಿ ಜೋರಾದರೆ ಅತ್ತ ದಾಟಿಸುವ ಲಿಫ್ಟುಗಳೇ ಮೊದಲು ನಿಲ್ಲುತ್ತವೆ. ಅಂಥ ಎರಡು ದಿನ ಬಂದರೆ ಏಳು ಮಂದಿಯೂ ಒಂದೇ ಮನೆಯೊಳಗೆ ಇರಬೇಕಾಗುತ್ತದೆ. ಸ್ವಲ್ಪ ದೊಡ್ಡ ಮನೆ ನೋಡಿ.

ತಮ್ಮನಿಗೆ ಹೇಳಬೇಕಾದ್ದು ಬೇರೆ. ಕರೋನ್ ತುದಿಯಿಂದ ಇಳಿಯುವ ಕಪ್ಪು ಹಾದಿ ಅವನಿಗೆ ಇಷ್ಟವಾಗುತ್ತದೆ. ಅವನು ಕಂಬಗಳ ಆಚೆಗೆ, ಲು ಸರೋವರದಂಥ ಗುರುತು ಹಾಕದ ಇಳಿಜಾರುಗಳಿಗೆ ಹೋಗುವುದಿದ್ದರೆ ಬೆಳಿಗ್ಗೆ ಹಿಮಕುಸಿತದ ಅಪಾಯದ ಅಂಕಿಯನ್ನು, ಒಂದರಿಂದ ಐದರವರೆಗಿನದು, ನೋಡಿಯೇ ಹೊರಡಲಿ. ಮೈಮೇಲೆ ಸಂಕೇತ ಕಳಿಸುವ ಬೀಕನ್, ಬೆನ್ನಚೀಲದಲ್ಲಿ ಸಲಿಕೆ, ಉದ್ದನೆಯ ಶೋಧ ಕೋಲು ಮೂರೂ ಇರಬೇಕು, ಜೊತೆಗಾರನಲ್ಲಿಯೂ ಇರಬೇಕು. ಹಿಮದಡಿ ಹೂತವರು ಮೊದಲ ಹತ್ತು ಹದಿನೈದು ನಿಮಿಷದೊಳಗೆ ಹೊರಬಂದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಥಟ್ಟನೆ ಕುಸಿಯುತ್ತದೆ. ರಕ್ಷಣಾ ತಂಡ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ, ಆದ್ದರಿಂದ ಅಗೆಯಬೇಕಾದವರು ಜೊತೆಗಾರರೇ. ಏಪ್ರಿಲ್‌ನಲ್ಲಂತೂ ಮಧ್ಯಾಹ್ನದ ಬಿಸಿಲಿಗೆ ಒದ್ದೆಯಾದ ಹಿಮ ತಾನಾಗಿ ಜಾರುತ್ತದೆ. ಸ್ಥಳೀಯ ಗೈಡ್ ಒಬ್ಬರನ್ನು ಒಂದು ದಿನಕ್ಕೆ ಗೊತ್ತುಮಾಡಿಕೊಂಡರೆ ಆ ಹಣ ದಂಡವಲ್ಲ.

ಎಲ್ಲರಿಗೂ ವಿಮೆ ಬೇಕು. ಫ್ರಾನ್ಸಿನ ಸ್ಕೀ ಹಾದಿಯಲ್ಲಿ ಬಿದ್ದು ಕಾಲು ಮುರಿದುಕೊಂಡವರನ್ನು ಕೆಳಗಿಳಿಸುವ ಖರ್ಚು ಬಿದ್ದವರದೇ.

ಹಸಿರುಬಳೆ:

ಎಲ್ಲರಿಗೂ ಅನಂತ ವಂದನೆಗಳು. ತಮ್ಮನಿಗೆ ಇದನ್ನೆಲ್ಲ ಓದಿಸಿದೆ. ಬೀಕನ್ ಮಾತು ಬಂದಲ್ಲಿ ಮೌನವಾದ. ಒಂದು ಸಂದೇಹ ಉಳಿದಿದೆ. ಅದೇ ಕಣಿವೆಯಲ್ಲಿ 1450 ಮೀಟರ್ ಎತ್ತರದಲ್ಲಿ ಸಾಂ ಮಾರ್ತಾಂ ಎಂಬ ಹಳೆಯ ಹಳ್ಳಿ ಇದೆಯಂತೆ. ಅಪ್ಪ ಅಮ್ಮನ ದೃಷ್ಟಿಯಿಂದ ಅಲ್ಲಿ ಉಳಿದು, ತಮ್ಮ ದಿನವೂ ಮೇಲಕ್ಕೆ ಹೋಗಿಬರುವುದು ಸಾಧ್ಯವೇ?

ದಾರಿಹೋಕ:

ಹಳ್ಳಿ ನಿಜಕ್ಕೂ ಚೆಂದ, ಕಲ್ಲಿನ ಮನೆಗಳು, ಚರ್ಚು, ನಡೆಯಲು ಹಾದಿ ಎಲ್ಲ ಇವೆ. ಜನವರಿಯಾಗಿದ್ದರೆ ಕಣ್ಣುಮುಚ್ಚಿ ಹೌದೆನ್ನುತ್ತಿದ್ದೆ. ಏಪ್ರಿಲ್‌ನಲ್ಲಿ ಆ ಎತ್ತರದಲ್ಲಿ ಹಳ್ಳಿಯವರೆಗೆ ಹಿಮ ಇರುತ್ತದೆಂದು ನಂಬಿಕೊಳ್ಳಲಾಗದು, ಕಲಿಯುವ ನೀವು ನಾಲ್ವರೂ ದಿನವೂ ಮೇಲಕ್ಕೆ ಅಲೆಯಬೇಕಾಗುತ್ತದೆ. ಎರಡರ ನಡುವೆ, 1850 ಮೀಟರಿನಲ್ಲಿ ಲೆ ಮನ್ಯುಯಿರ್ ಇದೆ. ನೋಡಲು ಅಷ್ಟೇನೂ ಅಂದವಿಲ್ಲದ, 1960ರ ದಶಕದ ಉದ್ದುದ್ದ ಕಟ್ಟಡಗಳ ಊರು. ಆದರೆ ಮಲಗುವ ಎತ್ತರ 450 ಮೀಟರ್ ಕಡಿಮೆಯಾಗುತ್ತದೆ, ರಾತ್ರಿಯ ಗದ್ದಲ ಕಡಿಮೆ, ಮಕ್ಕಳಿಗೂ ಹೊಸಬರಿಗೂ ಇಳಿಜಾರುಗಳು ಹೇರಳ. ತಮ್ಮ ಬೆಳಿಗ್ಗೆ ಲಿಫ್ಟ್ ಹಿಡಿದು ಸ್ಕೀ ಮೇಲೆಯೇ ವಾಲ್ ತೊರಾನ್ಸ್ ಸೇರಬಹುದು. ಉಳಿದವರು ಬಸ್ಸಿನಲ್ಲಿ ಹೋಗಿ ಜಾರುಬಂಡಿ, ಕರೋನ್ ನೋಡಿ ಬರಬಹುದು. ತಮ್ಮ ಗೊಣಗಿದರೆ ಕೊನೆಯ ಎರಡು ರಾತ್ರಿ ಅವನೊಬ್ಬನೇ ಮೇಲೆ ಕೋಣೆ ಹಿಡಿಯಲಿ.

ಹಸಿರುಬಳೆ:

ಮನ್ಯುಯಿರ್‌ನಲ್ಲೇ ಮನೆ ನೋಡುತ್ತಿದ್ದೇವೆ. ಕರೋನ್ ತುದಿಯಿಂದ ಆಲ್ಪ್ಸ್‌ನ ಅತಿ ಎತ್ತರದ ಶಿಖರ ಮಾಂ ಬ್ಲಾಂ ಕಾಣುತ್ತದೆಯೇ ಎಂದು ಅಪ್ಪ ಕೇಳಲು ಹೇಳಿದ್ದಾರೆ.

ದಾರಿಹೋಕ:

ಕಾಣುತ್ತದೆ, ಉತ್ತರ ದಿಕ್ಕಿಗೆ ನೋಡಲಿ. ಸ್ಕೀ ಮಾಡದೆ ಹತ್ತುವವರಿಗೆ ಬೇರೆ ಪಾಸು ಕೊಡುತ್ತಾರೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿಕೊಳ್ಳುವುದುಂಟು, ಬೆಳಗಿನ ಮೊದಲ ಬಸ್ಸಿಗೇ ಹೊರಡಿ.